ಅಣ್ಣನವರೊಡನೆ ಲಂಡನ್ನಿನ ಸಂಗೀತೋತ್ಸವಕ್ಕೆ

ನಮ್ಮ ಮನೆತನದಲ್ಲಿ ವಿದೇಶ ಪ್ರವಾಸವೆಂಬುದು ಯಾರ ಪಾಲಿಗೂ ಬಂದಿರಲಿಲ್ಲ. ಕೂಡಲಸಂಗಮ, ಉಳವಿ, ಶ್ರೀಶೈಲ, ಒಮ್ಮೆ ಕಾಶಿ. ಇಷ್ಟೇ ನಮ್ಮ ಯಾತ್ರೆಗಳ ಎಲ್ಲೆ. ಅಂಥ ನಾವು ೨೦೨೪ರ ಶ್ರಾವಣ ಮಾಸದಲ್ಲಿ ಎಪ್ಪತ್ತಾರು ವರ್ಷದ ಅಣ್ಣನವರನ್ನು ಕರೆದುಕೊಂಡು ಲಂಡನ್ ನಗರದ ಸಂಗೀತೋತ್ಸವವೊಂದಕ್ಕೆ ಹೋಗಿಬಂದೆವೆಂದರೆ ಬಂಧುಗಳಲ್ಲಿ ಹಲವರು ನಂಬಲಿಲ್ಲ. ನಂಬಿದವರು ಕೇಳಿದ ಪ್ರಶ್ನೆ ಒಂದೇ: “ಎಷ್ಟು ಖರ್ಚಾಯಿತು?” ಆ ಪ್ರಶ್ನೆಗೆ ಉತ್ತರವನ್ನೂ, ಅದಕ್ಕಿಂತ ಹೆಚ್ಚಾಗಿ ಆ ಪ್ರವಾಸ ಬೇಕೋ ಬೇಡವೋ ಎಂದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆದ ವಿಚಾರವನ್ನೂ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ. ನಾವು ಎಂದರೆ ಈ ಲೇಖಕರು ಮತ್ತು ನಮ್ಮ ಧರ್ಮಪತ್ನಿ. ಮನೆಯಲ್ಲಿ ಯಾವ ನಿರ್ಧಾರವನ್ನೂ ಒಬ್ಬರೇ ಮಾಡಿದ್ದಿಲ್ಲವಾದ್ದರಿಂದ ಬರೆಯುವಾಗಲೂ ‘ನಾವು’ ಎಂದೇ ಬರುತ್ತದೆ.

ಅಣ್ಣನವರ ವಿಷಯವನ್ನು ಮೊದಲು ಹೇಳಬೇಕು. ತಂದೆಯವರು ೧೯೬೭ರಲ್ಲಿ ಲಿಂಗೈಕ್ಯರಾದಾಗ ಅಣ್ಣನವರು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದರು. ಓದನ್ನು ಅಲ್ಲಿಗೇ ಬಿಟ್ಟು ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾದರು. ತಮ್ಮಂದಿರನ್ನು ಮಠದ ಉಚಿತ ಪ್ರಸಾದ ನಿಲಯಕ್ಕೆ ಸೇರಿಸಿ, ಪುಸ್ತಕ ಬಟ್ಟೆಗಳಿಗೆ ತಮ್ಮ ಸಂಬಳದಿಂದ ಕಳುಹಿಸಿದರು. ತಮಗೆಂದು ಅವರು ಕೊಂಡ ವಸ್ತುಗಳಲ್ಲಿ ನಮಗೆ ನೆನಪಿರುವುದು ಎರಡೇ: ಒಂದು ಹಾರ್ಮೋನಿಯಂ, ಇನ್ನೊಂದು ಯಾರೋ ಬಳಸಿ ಬಿಟ್ಟ ಮರ್ಫಿ ರೇಡಿಯೋ.

ಆ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನಸೂರರನ್ನೂ ಬಸವರಾಜ ರಾಜಗುರುಗಳನ್ನೂ ಕೇಳಿ ಬೆಳೆದವರು ನಾವು. ಆದರೆ ಎಲ್ಲರೂ ಮಲಗಿದ ಮೇಲೆ ಅಣ್ಣನವರು ಶಾರ್ಟ್‌ವೇವಿನ ಮುಳ್ಳನ್ನು ತಿರುಗಿಸುತ್ತ ಕುಳಿತಿರುತ್ತಿದ್ದರು. ೧೯೭೦ರ ದಶಕದ ಒಂದು ಆಗಸ್ಟ್ ರಾತ್ರಿ, ಕರಕರ ಸದ್ದಿನ ನಡುವೆ, ಬಿ.ಬಿ.ಸಿ.ಯ ವಿಶ್ವ ಸೇವೆಯಿಂದ ಒಂದು ವಾದ್ಯಗೋಷ್ಠಿ ಅವರಿಗೆ ಸಿಕ್ಕಿತು. ರಾಗ ಯಾವುದೆಂದು ತಿಳಿಯಲಿಲ್ಲ, ತಾಳ ಹಿಡಿಯಲು ಬರಲಿಲ್ಲ. ಆದರೂ ಮುಗಿಯುವವರೆಗೆ ಏಳಲಿಲ್ಲವಂತೆ. ಅಂದಿನಿಂದ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ತಾರೀಖು, ವೇಳೆ, ಕೇಳಿಸಿದ ಹೆಸರು, ಅದರ ಮುಂದೆ ‘ಚೆನ್ನಾಗಿ ಬಂತು’, ‘ಅರ್ಧಕ್ಕೆ ಹೋಯಿತು’ ಎಂದು ಬರೆದಿಡತೊಡಗಿದರು. ಬೀಥೋವನ್ ಎಂಬುದನ್ನು ಅವರು ಎಂಟು ಬಗೆಯಲ್ಲಿ ಬರೆದಿದ್ದಾರೆ; ನಾವು ಎಣಿಸಿದ್ದೇವೆ. ಆ ಕಾರ್ಯಕ್ರಮವೇ ‘ಪ್ರಾಮ್ಸ್’ ಎಂದು ಹೆಸರಾದ ಲಂಡನ್ನಿನ ಬೇಸಿಗೆ ಸಂಗೀತೋತ್ಸವ.

೨೦೨೪ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಕಿವಿ ವೈದ್ಯರಲ್ಲಿಗೆ ಅಣ್ಣನವರನ್ನು ಕರೆದೊಯ್ದೆವು. ಮೊಮ್ಮಕ್ಕಳ ಮಾತು ಕೇಳಿಸುತ್ತಿಲ್ಲ, ಗಂಡಸರ ಮಾತು ಕೇಳಿಸುತ್ತದೆ ಎಂಬುದು ಅವರ ದೂರು. ವೈದ್ಯರು ಪರೀಕ್ಷಿಸಿ, ತಾರಕದ ಧ್ವನಿಗಳು ಬಹುಮಟ್ಟಿಗೆ ಹೋಗಿವೆ, ಮಂದ್ರದವು ಉಳಿದಿವೆ, ವಯಸ್ಸಿನಿಂದ ಬಂದದ್ದು ಹಿಂದಿರುಗಲಾರದು ಎಂದರು. ಯಂತ್ರ ಹಾಕಿದರೆ ಮಾತು ತಿಳಿದೀತು, ಸಂಗೀತ ಮಾತ್ರ ಮೊದಲಿನಂತೆ ಕೇಳಲಾರದು ಎಂದೂ ಹೇಳಿದರು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಅಣ್ಣನವರು ಏನೂ ಆಡಲಿಲ್ಲ. ಗದಗು ದಾಟಿದ ಮೇಲೆ, “ತಂಬೂರಿ ಕೇಳಸ್ತದ, ಸಾಕ ಬಿಡು,” ಎಂದಷ್ಟೇ ನುಡಿದರು. ಅಂದು ರಾತ್ರಿ ನಮ್ಮ ಧರ್ಮಪತ್ನಿಯೇ ಆ ಹಳೆಯ ನೋಟ್‌ಬುಕ್ಕನ್ನು ಪೆಟ್ಟಿಗೆಯಿಂದ ತೆಗೆದು ನಮ್ಮ ಮುಂದೆ ಇಟ್ಟದ್ದು. “ಹೋಗುವುದಾದರೆ ಈ ವರುಷವೇ,” ಎಂದರು.

ಮೊದಲು ನಾವು ಲಂಡನ್ನನ್ನೇ ನೆನೆದಿರಲಿಲ್ಲ. ಯುರೋಪಿನಲ್ಲಿ ಬೇಸಿಗೆಯ ಸಂಗೀತೋತ್ಸವಗಳು ಅನೇಕ. ೧೯೨೦ರಲ್ಲಿ ಪ್ರಾರಂಭವಾದ ಆಸ್ಟ್ರಿಯದ ಸಾಲ್ಜ್‌ಬರ್ಗ್ ಉತ್ಸವ ಜಗತ್ಪ್ರಸಿದ್ಧ. ವ್ಯಾಗ್ನರ್ ತನ್ನ ಸಂಗೀತ ನಾಟಕಗಳಿಗಾಗಿಯೇ ಕಟ್ಟಿಸಿದ ಜರ್ಮನಿಯ ಬೈರಾಯ್ಟ್ ರಂಗಮಂದಿರದಲ್ಲಿ ೧೮೭೬ರಿಂದ ಉತ್ಸವವಿದೆ. ಇಟಲಿಯ ವೆರೋನಾದಲ್ಲಿ ರೋಮನರ ಕಾಲದ ಬಯಲು ರಂಗಸ್ಥಳದ ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು ಸಂಗೀತ ನಾಟಕ ಕೇಳುವ ಪದ್ಧತಿ ೧೯೧೩ರಿಂದ ಬಂದಿದೆ. ಷೆಂಗೆನ್ ವೀಸಾ ಒಂದಿದ್ದರೆ ಈ ಮೂರೂ ದೇಶಗಳಿಗೆ ಹೋಗಬಹುದು, ಬ್ರಿಟನ್ನಿಗೆ ಬೇರೆಯದೇ ವೀಸಾ ಬೇಕು ಎಂಬುದೂ ನಿಜ. ಆದರೆ ಅಣ್ಣನವರ ನೋಟ್‌ಬುಕ್ಕಿನಲ್ಲಿದ್ದದ್ದು ಲಂಡನ್. ಅಲ್ಲದೆ ಪ್ರಾಮ್ಸಿನ ಟಿಕೆಟ್ಟಿನ ಬೆಲೆ ಓದಿದ ಮೇಲೆ ಉಳಿದವುಗಳ ಮಾತು ತಾನಾಗಿ ಬಿದ್ದುಹೋಯಿತು.

ಆ ಬೆಲೆಯ ಹಿಂದೆ ಒಂದು ಇತಿಹಾಸವಿದೆ. ರಾಬರ್ಟ್ ನ್ಯೂಮನ್ ಎಂಬ ಸಭಾಗೃಹದ ವ್ಯವಸ್ಥಾಪಕರಿಗೆ, ಶಾಸ್ತ್ರೀಯ ಸಂಗೀತ ಸಿರಿವಂತರ ಸೊತ್ತಾಗಿ ಉಳಿಯಬಾರದು, ಸಾಮಾನ್ಯ ಜನರಿಗೆ ಮೆಲ್ಲಮೆಲ್ಲನೆ ಅದರ ರುಚಿ ಹತ್ತಿಸಬೇಕು ಎಂಬ ಹಂಬಲವಿತ್ತು. ೧೮೯೫ರ ಆಗಸ್ಟ್ ೧೦ರಂದು ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಹೆನ್ರಿ ವುಡ್ ಎಂಬ ತರುಣ ನಿರ್ದೇಶಕರ ಕೈಯಲ್ಲಿ ಮೊದಲ ಗೋಷ್ಠಿ ನಡೆಸಿದರು. ನೆಲದ ಮೇಲಿನ ಕುರ್ಚಿಗಳನ್ನು ತೆಗೆಸಿ, ಜನ ನಿಂತು, ಅಡ್ಡಾಡಿ ಕೇಳಲು ಬಿಟ್ಟರು. ಪ್ರವೇಶಕ್ಕೆ ಒಂದು ಷಿಲಿಂಗ್. ಅಡ್ಡಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಪ್ರಾಮನೇಡ್’ ಎನ್ನುವರಾಗಿ ಉತ್ಸವಕ್ಕೆ ಆ ಹೆಸರು. ಹಣದ ಆಧಾರ ಕೊಟ್ಟವರು ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಗಂಟಲಿನ ವೈದ್ಯರು. ಅವರದೊಂದು ಕರಾರಿತ್ತು: ಇಂಗ್ಲೆಂಡಿನಲ್ಲಿ ಆಗ ಬಳಕೆಯಲ್ಲಿದ್ದ ಏರು ಶ್ರುತಿಯಿಂದ ಗಾಯಕರ ಗಂಟಲು ಕೆಡುತ್ತದೆ, ಅದನ್ನು ಇಳಿಸಬೇಕು. ಇಳಿಸಿದರು. ಹಾರ್ಮೋನಿಯಂ ನುಡಿಸುವ ಅಣ್ಣನವರಿಗೆ ಈ ಸಂಗತಿ ಬಹಳ ಹಿಡಿಸಿತು. “ದುಡ್ಡು ಕೊಟ್ಟಾಂವ ತನ್ನ ಹೆಸರಿನ ಕಲ್ಲು ಕೇಳಲಿಲ್ಲ, ಶ್ರುತಿ ಇಳಸ್ರಿ ಅಂದ ನೋಡು,” ಎಂದು ಬಂದವರಿಗೆಲ್ಲ ಹೇಳಿದರು.

೧೯೨೭ರಲ್ಲಿ ಬಿ.ಬಿ.ಸಿ. ಉತ್ಸವದ ಹೊಣೆ ಹೊತ್ತಿತು. ೧೯೪೧ರ ಮೇ ತಿಂಗಳಲ್ಲಿ ಬಾಂಬುಗಳಿಗೆ ಸಿಕ್ಕಿ ಕ್ವೀನ್ಸ್ ಹಾಲ್ ಸುಟ್ಟುಹೋದಾಗ ಉತ್ಸವವನ್ನು ರಾಯಲ್ ಆಲ್ಬರ್ಟ್ ಹಾಲಿಗೆ ಸ್ಥಳಾಂತರಿಸಿದರು. ಇಂದಿಗೂ ಅಲ್ಲಿಯೇ ನಡೆಯುತ್ತಿದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್ ಎರಡನೆಯ ವಾರದವರೆಗೆ ಎಂಟು ವಾರ. ನಿಂತು ಕೇಳುವ ಪದ್ಧತಿಯನ್ನು ಬಿಟ್ಟಿಲ್ಲ. ವೇದಿಕೆಯ ಮುಂದಿನ ನೆಲ ಮತ್ತು ಎಲ್ಲಕ್ಕಿಂತ ಮೇಲಿನ ಗ್ಯಾಲರಿ, ಇವೆರಡೂ ನಿಲ್ಲುವವರಿಗೆ ಮೀಸಲು. ೨೦೨೪ರಲ್ಲಿ ಆ ಟಿಕೆಟ್ಟಿನ ಬೆಲೆ ಎಂಟು ಪೌಂಡ್. ಗೋಷ್ಠಿಯ ದಿನ ಬೆಳಿಗ್ಗೆ ಮಾರಾಟ. ಲಂಡನ್ನಿನಲ್ಲಿ ಎಂಟು ಪೌಂಡಿಗೆ ಒಬ್ಬರ ಹೊಟ್ಟೆ ತುಂಬ ಊಟ ಸಿಗುವುದು ಕಷ್ಟ.

ಆಲ್ಬರ್ಟ್ ಹಾಲಿಗೂ ನಮ್ಮ ನಾಡಿಗೂ ಒಂದು ಹಳೆಯ ನಂಟು ಇರುವುದು ಈ ಓದಿನಲ್ಲಿ ತಿಳಿಯಿತು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ೧೯೪೯ರಲ್ಲಿ ತೀರಿಕೊಳ್ಳುವ ಮುನ್ನ ಬರೆದ ‘ಕೊನೆಯ ನಾಲ್ಕು ಹಾಡುಗಳು’ ಮೊಟ್ಟಮೊದಲು ಸಾರ್ವಜನಿಕವಾಗಿ ಕೇಳಿಬಂದದ್ದು ೧೯೫೦ರ ಮೇ ೨೨ರಂದು ಇದೇ ಸಭಾಗೃಹದಲ್ಲಿ. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಗೋಷ್ಠಿಗೆ ಹಣದ ಖಾತರಿ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು! ಅವರು ತಾವು ಹೋಗಲಿಲ್ಲ; ಧ್ವನಿಮುದ್ರಿಕೆಯನ್ನು ಮೈಸೂರಿಗೆ ತರಿಸಿಕೊಂಡರು. ಮಹಾರಾಜರೇ ಮುದ್ರಿಕೆಯಲ್ಲಿ ತೃಪ್ತರಾದರೆ ನಮಗೇಕೆ ಹೋಗುವ ಹಟ ಎಂದು ಅಣ್ಣನವರು ವಾದಿಸಿದರು.

ಅವರ ನಿಜವಾದ ಆಕ್ಷೇಪ ಅದಾಗಿರಲಿಲ್ಲ. ಯುಗಾದಿಯ ದಿನ ಪ್ರಸಾದ ಮುಗಿಸಿ ಕುಳಿತಾಗ ನಾವು ವಿಷಯ ತೆಗೆದೆವು. ಅವರು ಸುಮ್ಮನೆ ಕೇಳಿ, ಕೊನೆಗೆ, “ತಮ್ಮಾ, ನೀ ಹೇಳೋ ರೊಕ್ಕದಾಗ ನಮ್ಮ ಪ್ರಸಾದ ನಿಲಯದಾಗ ಎಷ್ಟು ಹುಡುಗೂರು ವರ್ಷಾನುಗಟ್ಟಲೆ ಉಣ್ತಾವು, ಲೆಕ್ಕಾ ಹಾಕೀಯೇನು?” ಎಂದರು.

ನಾವು ಲೆಕ್ಕ ಹಾಕಿರಲಿಲ್ಲ. ಆ ಪಂಕ್ತಿಯಲ್ಲಿ ಕುಳಿತು ಆರು ವರ್ಷ ಉಂಡವರು ನಾವೇ. ನಿವೃತ್ತಿಯ ಹಣ ಬ್ಯಾಂಕಿನಲ್ಲಿದೆ, ಮಕ್ಕಳ ಮದುವೆಗಳಾಗಿವೆ, ಸಾಲವಿಲ್ಲ ಎಂಬ ಉತ್ತರಗಳೆಲ್ಲ ಸಿದ್ಧವಿದ್ದವು. ಅವಾವುವೂ ಆ ಪ್ರಶ್ನೆಗೆ ಉತ್ತರಗಳಲ್ಲ. ನಮ್ಮ ಧರ್ಮಪತ್ನಿಯವರು ಮಾತ್ರ ಬಾಗಿಲ ಬಳಿ ನಿಂತು, “ಭಾವನವರ, ಐವತ್ತು ವರ್ಷ ನೀವ ನೀಡೀರಿ, ನಾವ ಉಂಡೀವಿ. ಒಂದು ಸಲ ನಾವು ನೀಡಬಾರದೇನ್ರಿ?” ಎಂದರು. ಅಣ್ಣನವರು ಎದ್ದು ಹೊಲದ ಕಡೆಗೆ ಹೋದರು. ಎರಡು ದಿನ ಆ ಮಾತು ಮತ್ತೆ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಅವರು ಮೂರು ಕಟ್ಟಳೆ ಹಾಕಿದರು. ಪ್ರವಾಸಕ್ಕೆ ಎಷ್ಟು ತಗಲುವುದೋ ಅದರ ಹತ್ತರಲ್ಲೊಂದು ಪಾಲು ಮೊದಲು ಪ್ರಸಾದ ನಿಲಯಕ್ಕೆ ಸಲ್ಲಬೇಕು, ಆಮೇಲೆಯೇ ವಿಮಾನದ ಟಿಕೆಟ್ಟು. ಸಂಗೀತಕ್ಕೆ ಎಂಟು ಪೌಂಡಿನ ಸ್ಥಳವೇ ಆಗಬೇಕು, ಮೇಲಿನ ದರದ ಕುರ್ಚಿ ಕೂಡದು. ಶ್ರಾವಣದಲ್ಲಿ ಮಠದ ಪ್ರವಚನ ಬಿಟ್ಟು ಹೋಗುವುದರಿಂದ, ಆ ಊರಿನಲ್ಲಿ ಬಸವಣ್ಣನವರ ಪುತ್ಥಳಿಯ ಮುಂದೆ ನಿಂತು ಶರಣೆಂದ ಮೇಲೆಯೇ ಸಂಗೀತ. ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪುತ್ಥಳಿಯನ್ನು ೨೦೧೫ರ ನವೆಂಬರ್ ೧೪ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ್ದನ್ನು ಓದುಗರು ಬಲ್ಲರು. ಮೂಲತಃ ಕಲಬುರಗಿಯವರಾದ, ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಪ್ರಯತ್ನದ ಫಲವದು. ಮೂರು ಕಟ್ಟಳೆಗಳಿಗೂ ಒಪ್ಪಿದೆವು. ಪ್ರಸಾದ ನಿಲಯದ ಹುಡುಗರ ಪ್ರಶ್ನೆ ಇದರಿಂದ ಬಗೆಹರಿಯಿತೆಂದು ನಾವು ಇಂದಿಗೂ ಹೇಳಲಾರೆವು.

ಇನ್ನು ಲೆಕ್ಕದ ಮಾತು. ಆಗ ಒಂದು ಪೌಂಡಿಗೆ ಸುಮಾರು ೧೦೭ ರೂಪಾಯಿ ಹಿಡಿದು ಎಣಿಸಿದ್ದೆವು. ಮೂವರಿಗೆ, ಎಂಟು ರಾತ್ರಿಗಳಿಗೆ: ಕೊಲ್ಲಿ ದೇಶದಲ್ಲಿ ಇಳಿದು ಹತ್ತುವ ವಿಮಾನದ ದರ, ಹೋಗಿಬರಲು, ೧,೭೪,೦೦೦ ರೂಪಾಯಿ, ವೀಸಾ ತಲೆಗೆ ೧೧೫ ಪೌಂಡಿನಂತೆ ೩೬,೯೦೦, ಪ್ರವಾಸ ವಿಮೆ ೯,೦೦೦, ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಅಣ್ಣನವರ ವಯಸ್ಸಿನದು, ಐದು ರಾತ್ರಿಯ ವಸತಿ ೮೭,೨೦೦, ಆಹಾರ ೩೦,೮೦೦, ಬಸ್ಸು ರೈಲು ೧೭,೧೦೦. ಮೂರು ಸಂಜೆಯ ಸಂಗೀತಕ್ಕೆ ಮೂವರ ಟಿಕೆಟ್ಟು ೭,೭೦೦. ಒಟ್ಟು ೩,೬೨,೭೦೦. ಕೇಳಲು ಹೋಗುವ ಸಂಗೀತದ ಬೆಲೆ ಎಲ್ಲಕ್ಕಿಂತ ಕಡಿಮೆ, ಅದರ ಬಾಗಿಲವರೆಗೆ ಹೋಗುವ ಬೆಲೆಯೇ ದೊಡ್ಡದು ಎಂದು ಕಾಗದ ನೋಡಿ ಅಣ್ಣನವರು ನಕ್ಕರು. ಹೋಗಬಯಸುವ ಬಂಧುಗಳು ಇದನ್ನು ಗಮನಿಸಬೇಕು. ಟಿಕೆಟ್ಟಿನಲ್ಲಿ ಉಳಿಸುವುದು ಏನೂ ಇಲ್ಲ. ಉಳಿಸಬೇಕಾದದ್ದು ವಿಮಾನ ಮತ್ತು ವಸತಿಯಲ್ಲಿ.

ವಸತಿಯಲ್ಲಿ ನಮಗೆ ನೆರವಾದದ್ದು ವಿದ್ಯಾರ್ಥಿಗಳ ರಜೆ. ಲಂಡನ್ನಿನ ಕೆಲವು ವಿಶ್ವವಿದ್ಯಾಲಯಗಳು ಬೇಸಿಗೆಯಲ್ಲಿ ಖಾಲಿ ಬೀಳುವ ವಿದ್ಯಾರ್ಥಿ ನಿಲಯಗಳ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತವೆ. ಆಲ್ಬರ್ಟ್ ಹಾಲಿನ ಪಕ್ಕದಲ್ಲಿಯೇ ಇಂಪೀರಿಯಲ್ ಕಾಲೇಜಿನ ನಿಲಯಗಳಿವೆ. ಹೋಟೆಲಿನ ಅಲಂಕಾರವಿಲ್ಲ, ಸ್ವಚ್ಛವಾದ ಹಾಸಿಗೆ, ಮೇಜು, ಸ್ನಾನದ ಅನುಕೂಲವಿದೆ. ರಾತ್ರಿ ಸಂಗೀತ ಮುಗಿದ ಮೇಲೆ ನಡೆದೇ ಬರಬಹುದಾದ್ದರಿಂದ ಅಣ್ಣನವರ ಮೊಣಕಾಲಿಗೂ ಇದೇ ಲೇಸೆನಿಸಿತು. ಮೊದಲ ಮೂರು ರಾತ್ರಿ ಮಾತ್ರ ವಿಮಾನ ನಿಲ್ದಾಣಕ್ಕೆ ಸಮೀಪದ ಸ್ಲೌ ಪಟ್ಟಣದಲ್ಲಿ, ನಮ್ಮ ಅಳಿಯನ ಸ್ನೇಹಿತರ ಮನೆಯಲ್ಲಿ ಉಳಿಯುವುದೆಂದು ನಿಶ್ಚಯಿಸಿದೆವು. ಎಂಟು ದಿನವೂ ಇರಿ ಎಂದು ಆ ದಂಪತಿಗಳು ಒತ್ತಾಯಿಸಿದರು. ಇಬ್ಬರೂ ದುಡಿಯುವವರು, ಮನೆಯಲ್ಲಿ ಎರಡೇ ಕೋಣೆ. ದಾಸೋಹ ಮಾಡುವವರ ಶಕ್ತಿಯನ್ನು ಉಣ್ಣುವವರೂ ಅರಿತಿರಬೇಕಲ್ಲವೆ? ನಮ್ಮಲ್ಲಿ ಕೆಲವರು ವಿದೇಶದ ನೆಂಟರನ್ನು ಧರ್ಮಛತ್ರವೆಂದೇ ತಿಳಿಯುವುದನ್ನು ಕಂಡಿದ್ದೇವೆ.

ವೀಸಾಕ್ಕೆ ಜೂನ್ ತಿಂಗಳಲ್ಲಿ ಅರ್ಜಿ ಸಲ್ಲಿಸಿ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದೆವು. ಪಿಂಚಣಿಯ ಬ್ಯಾಂಕ್ ಪುಸ್ತಕ, ಹೊಲದ ಪಹಣಿ, ಹಿಂದಿರುಗುವ ಟಿಕೆಟ್ಟಿನ ವಿವರ ಎಲ್ಲವನ್ನೂ ಜೋಡಿಸಿದ್ದೆವು. ಪ್ರವಾಸದ ಉದ್ದೇಶವೆಂಬಲ್ಲಿ ಅಣ್ಣನವರು ‘ಸಂಗೀತ ಶ್ರವಣ’ ಎಂದೇ ಬರೆಯಬೇಕೆಂದರು. ನಾವು ಅದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದೆವು. ಮೂರು ವಾರದೊಳಗೆ ವೀಸಾ ಬಂದಿತು.

ಇಷ್ಟಲಿಂಗ ಪೂಜೆಯ ವಿಷಯದಲ್ಲಿ ಹಲವು ಬಂಧುಗಳು ನಮ್ಮನ್ನು ವಿಚಾರಿಸಿದ್ದಾರೆ. ವಿಮಾನ ನಿಲ್ದಾಣದಲ್ಲಿ ಲೋಹವನ್ನು ಪತ್ತೆ ಮಾಡುವ ಬಾಗಿಲಿನಲ್ಲಿ ಹಾದುಹೋಗಬೇಕು. ಬೆಳ್ಳಿಯ ಗುಂಡಗಡಿಗೆ ಕೊರಳಲ್ಲಿದ್ದರೆ ಅದು ಕೂಗುತ್ತದೆ, ತೆಗೆದು ತಟ್ಟೆಯಲ್ಲಿ ಇಡಿ ಎನ್ನುತ್ತಾರೆ. ಅಂಗದಿಂದ ಲಿಂಗವನ್ನು ಅಗಲಿಸಲು ಅಣ್ಣನವರು ಒಪ್ಪುವವರಲ್ಲ. ಆದ್ದರಿಂದ ಬೆಳ್ಳಿಯನ್ನು ಮನೆಯಲ್ಲಿಯೇ ಬಿಟ್ಟು, ಬಿಳಿಯ ವಸ್ತ್ರದಲ್ಲಿ ಲಿಂಗವನ್ನು ಕಟ್ಟಿ ಶಿವದಾರದೊಡನೆ ಧರಿಸಿ ಹೊರಟೆವು. ಎಲ್ಲಿಯೂ ತೊಂದರೆಯಾಗಲಿಲ್ಲ. ಒಂದು ಕಡೆ ಕೈಯಿಂದ ತಡವಿ ನೋಡಿದ ಅಧಿಕಾರಿಗೆ ಇದು ನಮ್ಮ ದೇವರು ಎಂದು ತಿಳಿಸಿದೆವು. ಆತ ಕೈ ಹಿಂದೆಗೆದು ತಲೆಬಾಗಿದ. ಸಂಜೆಯ ಪೂಜೆಯ ವೇಳೆಯದೇ ಗೊಂದಲ. ಆಗಸ್ಟಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಮೇಲೆ. ಸಂಗೀತ ಅದಕ್ಕೂ ಮೊದಲೇ ಆರಂಭವಾಗುತ್ತದೆ. ಸೂರ್ಯನನ್ನು ನೆಚ್ಚದೆ ಗಡಿಯಾರ ನೋಡಿ ಐದು ಗಂಟೆಗೆ ಪೂಜೆ ಮುಗಿಸುವುದೆಂದು ಅಣ್ಣನವರೇ ನಿರ್ಣಯಿಸಿದರು.

ಆಹಾರಕ್ಕೆ ಅರವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಆತಿಥ್ಯ ನೀಡುವವರಿಗೆ ಧಾರವಾಡ ಪೇಡೆ ಒಯ್ಯಬೇಕೆಂದು ಅಣ್ಣನವರ ಆಸೆಯಿತ್ತು. ಆದರೆ ನಮ್ಮ ದೇಶದಿಂದ ಹಾಲಿನ ಪದಾರ್ಥಗಳನ್ನು ಬ್ರಿಟನ್ನಿಗೆ ಒಯ್ಯಲು ನಿಷೇಧವಿದೆ. ಪೇಡೆ, ತುಪ್ಪ, ಕುಂದಾ ಯಾವುದೂ ಸಲ್ಲದು. ಬೆಲ್ಲದ ಶೇಂಗಾ ಉಂಡಿ ಕಟ್ಟಿಕೊಂಡೆವು.

ಆಗಸ್ಟ್ ೧೭ರ ಶನಿವಾರ ಲಂಡನ್ ತಲುಪಿದೆವು. ೧೯ನೆಯ ತಾರೀಖು ಶ್ರಾವಣ ಸೋಮವಾರ, ನೂಲ ಹುಣ್ಣಿಮೆಯೂ ಅಂದೇ. ಬೆಳಿಗ್ಗೆ ಲ್ಯಾಂಬೆತ್ ಸೇತುವೆಯ ಬಳಿ ಇಳಿದು ಆಲ್ಬರ್ಟ್ ದಂಡೆಯ ಮೇಲೆ ನಡೆದೆವು. ಹೊಳೆಗೆ ಮುಖ ಮಾಡಿದ ಪುಟ್ಟ ಉದ್ಯಾನದಲ್ಲಿ ಬಸವಣ್ಣನವರು. ಅಣ್ಣನವರು ವಿಭೂತಿ ಧರಿಸಿ ಬಹಳ ಹೊತ್ತು ಕಣ್ಮುಚ್ಚಿ ನಿಂತರು. ಓಡುತ್ತ ಬಂದ ಒಬ್ಬ ಬಿಳಿಯ ತರುಣಿ ಅವರನ್ನು ಕಂಡು, ವೇಗ ತಗ್ಗಿಸಿ, ಸುತ್ತಿ ಹೋದಳು. ಅಲ್ಲಿಂದ ವಾಕ್ಸ್‌ಹಾಲಿಗೆ ನಡೆದು ೩೬೦ನೆಯ ನಂಬರಿನ ಬಸ್ಸು ಹತ್ತಿದೆವು. ಅದು ನೇರವಾಗಿ ಆಲ್ಬರ್ಟ್ ಹಾಲಿನ ಬಾಗಿಲಿಗೇ ಹೋಗುತ್ತದೆ. ಬಸವಣ್ಣನವರ ನೆರೆಯಿಂದ ಸಂಗೀತದ ಬಾಗಿಲಿಗೆ ಒಂದೇ ಬಸ್ಸು, ೧.೭೫ ಪೌಂಡ್.

ಬುಧವಾರ, ೨೧ರಂದು, ಅರೋರಾ ವಾದ್ಯವೃಂದದವರು ನಿಕೊಲಸ್ ಕಾಲನ್ ಅವರ ನಿರ್ದೇಶನದಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ನುಡಿಸುವವರಿದ್ದರು. ವಿಯೆನ್ನಾದಲ್ಲಿ ೧೮೨೪ರ ಮೇ ೭ರಂದು ಅದು ಮೊದಲು ನುಡಿದು ಸರಿಯಾಗಿ ಇನ್ನೂರು ವರ್ಷ. ವಿಶೇಷವೆಂದರೆ ಇವರು ಎದುರಿಗೆ ಸ್ವರಲಿಪಿಯ ಹಾಳೆ ಇಡದೆ ಕಂಠಪಾಠದಿಂದ ನುಡಿಸುವವರು. ಪಾಶ್ಚಾತ್ಯರಲ್ಲಿ ಇದು ಅಪರೂಪ. ಅಣ್ಣನವರಿಗೆ ಇದರಲ್ಲಿ ಏನು ವಿಶೇಷವೆಂದೇ ತಿಳಿಯಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪುಟ್ಟರಾಜ ಗವಾಯಿಗಳನ್ನು ರಾತ್ರಿಯಿಡೀ ನೆಲದ ಮೇಲೆ ಕುಳಿತು ಕೇಳಿದವರಲ್ಲವೆ ಅವರು!

ಆ ದಿನದ ಟಿಕೆಟ್ಟಿನದೇ ನಮ್ಮ ಹೆದರಿಕೆ. ಬೆಳಿಗ್ಗೆ ಸಿಗದೆ ಹೋದರೆ ನಾಲ್ಕು ತಿಂಗಳ ಸಿದ್ಧತೆ ನೀರುಪಾಲು. ಸ್ಲೌನ ದಂಪತಿಗಳ ಮಗಳು ತನ್ನ ಫೋನಿನಲ್ಲಿ ಪ್ರಯತ್ನಿಸಿ ಮೂರು ಗ್ಯಾಲರಿ ಟಿಕೆಟ್ಟು ಕೊಂಡು ಕಳುಹಿಸಿದಳು. ಕೆಳಗಿನ ನೆಲ ಬೇಡ, ಗ್ಯಾಲರಿಯೇ ಬೇಕೆಂದು ನಾವು ಮೊದಲೇ ಹೇಳಿದ್ದೆವು. ಕೆಳಗೆ ಜನ ಒತ್ತಾಗಿ ನಿಲ್ಲುವರು. ಮೇಲಿನ ಗ್ಯಾಲರಿಯಲ್ಲಿ ಹಿಂಭಾಗದ ಗೋಡೆಗೆ ಒರಗಿ ಕೂರುವವರೂ, ಮಲಗಿ ಕೇಳುವವರೂ ಉಂಟು. ಹತ್ತಲು ಲಿಫ್ಟ್ ಇದೆ.

ಅಲ್ಲಿಂದ ವೇದಿಕೆ ಬಾವಿಯ ತಳದಂತೆ ದೂರ. ತಲೆಯ ಹತ್ತಿರಕ್ಕೆ ಛಾವಣಿಯಿಂದ ದೊಡ್ಡ ದೊಡ್ಡ ಬಿಲ್ಲೆಗಳು ಇಳಿಬಿದ್ದಿವೆ. ಆ ಸಭಾಗೃಹದಲ್ಲಿ ಪ್ರತಿಧ್ವನಿಯ ಕಾಟ ವಿಪರೀತವಾಗಿತ್ತೆಂದು ೧೯೬೯ರಲ್ಲಿ ಅವುಗಳನ್ನು ತೂಗುಹಾಕಿದರು. ಅಣ್ಣನವರು ಹೊದೆಯುವ ಶಾಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಪದ್ಮಾಸನದಲ್ಲಿ ಕುಳಿತರು. ಪಕ್ಕದಲ್ಲಿ ಚೀಲವನ್ನೇ ದಿಂಬಾಗಿಸಿದ್ದ ವಿದ್ಯಾರ್ಥಿಯೊಬ್ಬ ಅವರನ್ನು ನೋಡಿ ತಾನೂ ಕಾಲು ಮಡಚಿ ಕುಳಿತ.

ಮೊದಲು ಆ ಕೃತಿ ಹುಟ್ಟಿದ ಬಗೆಯನ್ನು ವೇದಿಕೆಯ ಮೇಲೆ ಅಭಿನಯಿಸಿ ತೋರಿಸಿದರು. ಒಂಬತ್ತನೆಯ ಸಿಂಫನಿ ಬರೆಯುವಾಗ ಬೀಥೋವನ್ನನಿಗೆ ಕಿವಿ ಪೂರ್ತಿ ಹೋಗಿತ್ತು. ಬಂದವರು ಪುಸ್ತಕದಲ್ಲಿ ಬರೆದು ಅವನೊಡನೆ ಮಾತನಾಡಬೇಕಿತ್ತು. ಮೊದಲ ಪ್ರದರ್ಶನದಲ್ಲಿ ಜನರ ಚಪ್ಪಾಳೆ ಅವನಿಗೆ ಕೇಳಿಸದೆ, ಗಾಯಕಿಯೊಬ್ಬಳು ಅವನನ್ನು ಸಭೆಯ ಕಡೆಗೆ ತಿರುಗಿಸಿದಳೆಂದು ಹೇಳುತ್ತಾರೆ. ಇದನ್ನು ನಾವು ಅಣ್ಣನವರ ಕಿವಿಯಲ್ಲಿ ಹೇಳಿದೆವು. “ಗೊತ್ತದ, ರೇಡಿಯೋದಾಗ ಹೇಳಿದ್ದರು,” ಎಂದರು.

ಮೂರು ಭಾಗಗಳನ್ನು ಅವರು ಕುಳಿತೇ ಕೇಳಿದರು, ಕಣ್ಮುಚ್ಚಿ. ಅವರಿಗೆ ಎಷ್ಟು ಮುಟ್ಟುತ್ತಿದೆ, ಎಷ್ಟು ಮುಟ್ಟುತ್ತಿಲ್ಲ ಎಂದು ನಾವಿಬ್ಬರೂ ಸಂಗೀತ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆವು. ಆದ್ದರಿಂದ ಆ ಮೂರು ಭಾಗಗಳ ಬಗ್ಗೆ ಬರೆಯಲು ನಮಗೆ ಅರ್ಹತೆಯಿಲ್ಲ. ನಾಲ್ಕನೆಯ ಭಾಗದಲ್ಲಿ ಆ ಪ್ರಸಿದ್ಧ ಧಾಟಿ ಬರುತ್ತದೆ. ಅದನ್ನು ಮೊದಲು ನುಡಿಸುವುದು ಪಿಟೀಲುಗಳಲ್ಲ, ಹಾಡುವವರೂ ಅಲ್ಲ. ಎಲ್ಲಕ್ಕಿಂತ ತಗ್ಗಿನ ದನಿಯ ದೊಡ್ಡ ತಂತಿವಾದ್ಯಗಳು, ಬೇರೆ ಯಾವ ವಾದ್ಯದ ನೆರವೂ ಇಲ್ಲದೆ, ಬಹು ಮೆಲ್ಲಗೆ. ಅಣ್ಣನವರು ಕಣ್ಣು ತೆರೆದರು. ಗೋಡೆ ಹಿಡಿದು ಎದ್ದರು. ನಾವು ತಡೆಯಹೋದರೆ ಕೈ ಸರಿಸಿ, ಕಟಾಂಜನದವರೆಗೆ ನಡೆದು, ಎರಡು ಕೈಯಲ್ಲೂ ಅದನ್ನು ಹಿಡಿದು ನಿಂತರು. ಸುಮಾರು ಇಪ್ಪತ್ತು ನಿಮಿಷ, ಮುಗಿಯುವವರೆಗೆ, ಆ ಮೊಣಕಾಲುಗಳ ಮೇಲೆ.

ಹೊರಗೆ ಬರುವಾಗ ಬಾಗಿಲಲ್ಲಿ ಕೆಲವರು ಬಕೀಟು ಹಿಡಿದು ನಿಂತಿದ್ದರು. ನಿಂತು ಕೇಳುವ ಶ್ರೋತೃಗ��ೇ ಪ್ರತಿವರ್ಷ ಹೀಗೆ ಸಂಗೀತಗಾರರ ನೆರವಿನ ಸಂಸ್ಥೆಗಳಿಗಾಗಿ ಹಣ ಕೂಡಿಸುತ್ತಾರೆ. ಅಣ್ಣನವರು, “ಟಿಕೀಟ್ ಎಷ್ಟಂದಿ? ಎಂಟಲ್ಲ? ಎಂಟು ಹಾಕು,” ಎಂದರು. ಮೂವರ ಪಾಲಿನ ಇಪ್ಪತ್ತನಾಲ್ಕು ಪೌಂಡ್ ಹಾಕಿದೆವು. ಅಂದಿನ ಲೆಕ್ಕ ಅಲ್ಲಿಗೆ ತಪ್ಪಿತು. ಮರುದಿನ ಮೂರು ಹೊತ್ತೂ ರೊಟ್ಟಿ ಹಿಂಡಿಯಲ್ಲಿ ಅದನ್ನು ಸರಿದೂಗಿಸಿದೆವು.

ಕೋಣೆಗೆ ಬಂದ ಮೇಲೆ ಅವರು ಕಾಲು ಚಾಚಿ ಕುಳಿತು ನೋಟ್‌ಬುಕ್ಕು ಕೇಳಿದರು. ಊರಿನಿಂದ ತಂದದ್ದೇ ಅದು, ಹಿಂದಿನ ಹಾಳೆಗಳೆಲ್ಲ ಹಳದಿಯಾಗಿವೆ. ತಾರೀಖು ಬರೆದು, ಪೆನ್ನು ಎತ್ತಿ ಹಿಡಿದು ಕೇಳಿದರು: “ಕೊನಿಗೆ ಒಬ್ಬ ಮೂರು ಮೂಲಿ ಕಬ್ಬಿಣ ಹಿಡಕೊಂಡು ಬಡೀತಿದ್ದ ನೋಡು. ಕೈ ಆಡೋದು ಕಂಡ್ತು, ದನಿ ಬರಲಿಲ್ಲ. ಹೆಂಗಿತ್ತದು?”

ನಾವು ಹೇಳಲು ತಡವರಿಸಿದೆವು. ನಮ್ಮ ಧರ್ಮಪತ್ನಿಯವರು, “ನಮ್ಮ ಭಜನಿ ಸಣ್ಣ ತಾಳ ಇರ್ತಾವಲ್ರಿ ಭಾವನವರ, ಅವನ್ನ ತುದಿಗೆ ತುದಿ ತಾಗಿಸಿದರ ಬರತದಲ್ಲ, ಹಂಗ,” ಎಂದರು.

ಅಣ್ಣನವರು ಸ್ವಲ್ಪ ಹೊತ್ತು ಯೋಚಿಸಿ, ಬರೆದುಕೊಂಡರು.